ತಳದ ಗೇಟು ತೆರೆದ ಮಳೆಗಾಲ

ಅವಳು ಅವನನ್ನು ಪಂಪ್ ರಿಪೇರಿಯವನೆಂದುಕೊಂಡಳು. ದೋಣಿ ಹೊರಡುವ ಹೊತ್ತಿಗೆ ಸರಿಯಾಗಿ ಅದರ ಪಂಪ್ ಕೆಮ್ಮಿ ಕೆಮ್ಮಿ ನಿಂತುಹೋಗಿತ್ತು. ಜೆಟ್ಟಿಯ ಮೇಲೆ ನಿಂತಿದ್ದವನ ಕೈಗೆ ಸ್ಪ್ಯಾನರ್ ಕೊಟ್ಟು, ಇಷ್ಟು ತಡವಾಗಿ ಬಂದರೆ ಹೇಗೆ ಎಂದು ಗದರಿ ಒಳಗೆ ಹೋಗಿಬಿಟ್ಟಳು. ಅವನು ಅಂಗಿಯ ತೋಳು ಮಡಚಿ ಪಂಪಿನ ಮುಂದೆ ಕೂತ.

ಪಂಪ್ ಸರಿಯಾದ ಮೇಲೆ ಗೊತ್ತಾಯಿತು, ಅವನು ನದಿಯ ಮೇಲಿನ ಅಣೆಕಟ್ಟಿನ ಇಂಜಿನಿಯರ್. ಕಡಲತಳದ ಕೆಸರನ್ನು ಅಧ್ಯಯನ ಮಾಡುವ ಅವಳು, ಅದನ್ನು ತೋರಿಸಲು ತಾನೇ ಕರೆಸಿದ್ದ ಅತಿಥಿ.

"ಮೊದಲೇ ಹೇಳಬಾರದಿತ್ತಾ?" ಅವಳ ಕಿವಿ ಕೆಂಪಾಗಿತ್ತು.

"ಹೇಳೋಣ ಅಂತಿದ್ದೆ. ನಿಮ್ಮ ಕೆನ್ನೆ ಮೇಲೆ ಕೆಸರಿತ್ತು. ನೋಡ್ತಾ ಮರೆತೇಹೋಯ್ತು."

ಅವಳು ಥಟ್ಟನೆ ಕೆನ್ನೆ ಒರೆಸಿಕೊಂಡಳು, ಕೆಸರಿಲ್ಲದ ಕೆನ್ನೆಯನ್ನು.

ಅಂದು ಆಕಾಶ ಎಲ್ಲಿ ಮುಗಿದು ಕಡಲು ಎಲ್ಲಿ ಶುರುವಾಗಿದೆ ಎಂದೇ ತಿಳಿಯುತ್ತಿರಲಿಲ್ಲ. ಅವಳು ಉದ್ದನೆಯ ಕೊಳವೆಯನ್ನು ತಳಕ್ಕಿಳಿಸಿ ಕೆಸರಿನ ಕಂಬವೊಂದನ್ನು ಮೇಲೆತ್ತಿದಳು. ಕೆಳಗೆ ಕಾಡಿಗೆಯಂಥ ನುಣುಪು ಕಪ್ಪು, ಮೇಲೆ ಬರೀ ಮಾಸಲು ಮರಳು. ಮುಟ್ಟಲು ಹೋದ ಅವನ ಮಣಿಕಟ್ಟು ಹಿಡಿದು ತಡೆದವಳು, ಹಿಡಿದದ್ದನ್ನು ಮರೆತು ಮಾತಿಗೆ ತೊಡಗಿದಳು.

ಕಾಡಿನ ಎಲೆ, ಬೇರುಗಳ ಚೂರನ್ನೆಲ್ಲ ನದಿ ಕಡಲಿಗೆ ತರುತ್ತದೆ. ಅದರೊಳಗಿನ ಇಂಗಾಲ ಒಂದು ಕಾಲಕ್ಕೆ ಗಾಳಿಯಲ್ಲಿದ್ದದ್ದೇ. ನದಿಯ ಹೂಳು ಬೇಗ ಬೇಗ ಅದರ ಮೇಲೆ ಕೂತರೆ, ಸಾವಿರಾರು ವರ್ಷ ಅದು ತಳದಲ್ಲೇ ಮಲಗಿರುತ್ತದೆ. ಹೂಳು ಬಾರದಿದ್ದರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಮತ್ತೆ ಗಾಳಿಗೆ ಬಿಡುತ್ತವೆ.

"ಅದಕ್ಕೇ ಅದು ಹೂಳು. ಹೂಳೋದೇ ಅದರ ಕೆಲಸ," ಎಂದು ನಕ್ಕಳು. ಆಮೇಲೆ ಮೆಲ್ಲಗೆ, ಕಪ್ಪು ಮುಗಿದು ಮರಳು ಶುರುವಾದದ್ದು ಅಣೆಕಟ್ಟು ಎದ್ದ ಕಾಲಕ್ಕೆ ಎಂದಳು.

ಅವನು ಕೈ ಬಿಡಿಸಿಕೊಂಡ. ಆ ಅಣೆಕಟ್ಟಿಗೆ ಕಲ್ಲು ಹೊತ್ತವರಲ್ಲಿ ಅವನ ಅಮ್ಮನೂ ಒಬ್ಬಳು. ಅಕ್ಕನ ಊರು ಕುಡಿಯುತ್ತಿದ್ದದ್ದು ಅದೇ ನೀರು.

"ನಮ್ಮಮ್ಮ ಕಟ್ಟಿದ್ದು ತಪ್ಪು ಅಂತೀರಾ?"

"ತಪ್ಪು ಅಂದೆನಾ? ಕೆಸರು ಅಣೆಕಟ್ಟಿನ ಹಿಂದೇನೇ ನಿಂತಿದೆ ಅಂದೆ, ಅಷ್ಟೆ."

ದಡ ಸೇರುತ್ತಲೇ ಅವನು ಇಳಿದು ಹೊರಟುಬಿಟ್ಟ.

ಆದರೆ ಅಣೆಕಟ್ಟಿಗೆ ಮರಳಿದ ಮೇಲೆ ಅವನಿಗೆ ನೀರು ಮೊದಲಿನಂತೆ ಕಾಣಲಿಲ್ಲ. ಆ ಹಸಿರು ಮೌನದಡಿ ಹೂಳು ಏರುತ್ತಲೇ ಇದೆ ಎಂದು ಅವನಿಗೂ ಗೊತ್ತಿತ್ತು. ನೆರೆ ಬಂದಾಗ ತಳದ ಗೇಟು ತೆರೆದು ಅದನ್ನು ಹರಿಯಬಿಡೋಣ ಎಂದು ಮೇಲಧಿಕಾರಿಯನ್ನು ಕೇಳಿದ. ಎಷ್ಟೋ ವರ್ಷದಿಂದ ಅಲುಗದ ಗೇಟು, ತೆರೆದದ್ದು ಮುಚ್ಚದೆ ಹೋದರೆ ಊರಿಗೆ ನೀರೆಲ್ಲಿಂದ ತರುತ್ತೀ ಎಂದರು ಅವರು. ಜವಾಬ್ದಾರಿ ತನ್ನದೇ ಎಂದು ಹೇಳಿ ಅವರನ್ನು ಒಪ್ಪಿಸಿದ. ಬೇಸಿಗೆಯಿಡೀ ಗೇಟುಗಳ ತುಕ್ಕು ಕೆರೆದು, ಗ್ರೀಸ್ ಹಚ್ಚಿ, ನೀರು ಸೋರದಂತೆ ತಡೆಯುವ ಅಂಚಿನ ರಬ್ಬರ್ ಬದಲಿಸಿದ.

"ಇಷ್ಟೆಲ್ಲ ಒದ್ದಾಟ ಕೆಸರಿಗಾ, ಕೆಸರು ತೆಗೆಯೋಳಿಗಾ?" ಎಂದು ಅಕ್ಕ ಕೇಳಿದಳು. ಅವನು ಗ್ರೀಸಿನ ಕೈಯಲ್ಲೇ ಮುಖ ಮರೆಸಿಕೊಂಡ.

ನೆರೆ ಬಂತು. ಗೇಟು ತೆರೆಯಿತು, ಕಂದು ನೀರು ಭೋರ್ಗರೆದು ಹೊರಟಿತು. ಮುಚ್ಚುವಾಗ ಒಂದು ಗೇಟು ಅರ್ಧದಲ್ಲೇ ತಡೆದು ನಿಂತಿತು. ಆಮೇಲೆ ಅದು ನರಳುತ್ತ ಇಳಿದು ಕೂತಿತು. ಅವನು ಅವಳಿಗೆ ಫೋನ್ ಮಾಡಿ ಕೆಸರು ಬರುತ್ತಿದೆ ಎಂದಷ್ಟೇ ಹೇಳಿ, ನದಿಯ ಪಕ್ಕದ ರಸ್ತೆ ಹಿಡಿದ.

ಅವನು ತಲುಪಿದಾಗ ಅವಳು ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಂಜೆಯ ಬೆಳಕಲ್ಲಿ ನೀಲಿ ಕಡಲೊಳಗೆ ಕಂದು ನದಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಅವಳ ಕಣ್ಣು ಒದ್ದೆಯಾಗಿತ್ತು. ಅವನು ಪಕ್ಕದಲ್ಲಿ ಕೂತ.

"ಇದು ಸಾಲಲ್ಲ," ಎಂದಳು. "ತಳದಲ್ಲಿ ಉಗುರಿನಷ್ಟು ದಪ್ಪ ಕೂತರೆ ಹೆಚ್ಚು. ಪ್ರತಿ ವರ್ಷ ಬಿಡಬೇಕಾಗುತ್ತೆ."

"ಬಿಡ್ತೀನಿ. ಪ್ರತಿ ವರ್ಷ ಬಂದು ನೋಡ್ತೀನಿ ಕೂಡ."

"ವರ್ಷಕ್ಕೆ ಒಂದೇ ಸಲಾನಾ?"

ಅವನು ಅವಳ ಕಡೆ ತಿರುಗಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ ಒಂದೇ ಉಳಿಯಿತು.

"ನೀವಿಲ್ಲದೆ ನಂಗೆ ಆಗ್ತಿಲ್ಲ. ನಿಮ್ಮ ಕಡಲಿಗೂ ನನ್ನ ಗೇಟಿಗೂ ಮಧ್ಯ, ನದಿ ದಂಡೆ ಮೇಲೆ ಒಂದು ಮನೆ ಮಾಡೋಣ್ವಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ದಂಡೆಗೆ ತೀರಾ ಹತ್ತಿರ ಬೇಡ," ಎಂದಳು. "ನೀವು ಗೇಟು ತೆಗೀತೀರಿ."