ಮನೆ ನೋಡುವ ಶಾಸ್ತ್ರ

ಬಾಗಿಲು ತೆರೆದವನನ್ನು ಕಂಡ ಕ್ಷಣ ಕೋಮಲಾಳಿಗೆ ತಾನು ಬಂದ ಕೆಲಸವೇ ಮರೆತುಹೋಯಿತು.

ಕಿವಿಯ ಪಕ್ಕ ನರೆ ಇಳಿದಿತ್ತು, ಕನ್ನಡಕ ಬಂದಿತ್ತು. ಆದರೂ ಅವನು ಬಸವೇಶನೇ. ಇಪ್ಪತ್ತು ವರ್ಷಗಳ ಹಿಂದೆ ಬುಕ್ಕಾಂಬುಧಿಯ ಅವಳ ಮನೆಗೆ ಹೆಣ್ಣು ನೋಡಲು ಬಂದು, ಹಿರಿಯರ ಮಾತಿನ ನಡುವೆ ಒಮ್ಮೆ ಅವಳತ್ತ ನೋಡಿ ನಕ್ಕವನು. ಒಂದೇ ನಗು... ಅದರ ಬೆಳಕಿನಲ್ಲಿ ಅವಳು ಬಹುದೂರ ನಡೆದಿದ್ದಳು.

ಜೊತೆಗಿದ್ದ ದಲ್ಲಾಳಿ ಮುದ್ದಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಇದು ಕಡೂರಿನ ಹಳೆಯ ಬಡಾವಣೆ, ನೀರಿಗೆ ತೊಂದರೆಯಿಲ್ಲ, ನೆರೆಹೊರೆ ಮರ್ಯಾದಸ್ಥರು, ಓನರು ಮನೆ ಮಾರಿ ದಾವಣಗೆರೆಯ ಅಕ್ಕನ ಮನೆಗೆ ಹೊರಟವರು ಎಂದು ಒಪ್ಪಿಸುತ್ತಲೇ ಅವನು ಒಳನಡೆದ. ಅಜ್ಜಂಪುರದಿಂದ ಇಲ್ಲಿನ ಕಾಲೇಜಿಗೆ ವರ್ಗವಾಗಿ ಬಂದ ಮೇಡಮ್ಮಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದೆಂಬುದು ಅವನ ವಾದ.

ಪಕ್ಕದ ಕಾಂಪೌಂಡಿನಿಂದ ಹನುಮಂತಮ್ಮ ಕತ್ತು ಚಾಚಿದರು. "ಮನೆ ನೋಡಕ್ಕೆ ಬಂದ್ರೇನವ್ವಾ? ನಮ್ ಬಸವೇಶಂಗೆ ಹೆಣ್ಣಿನ ಕಡೆಯೋರು ಅಂದ್ಕಂಡೆ ಕಣ್ರೀ."

ಮುದ್ದಪ್ಪ ನಕ್ಕ. ಉಳಿದಿಬ್ಬರೂ ನಗಲಿಲ್ಲ.

ಹೆಣ್ಣು ಮೆಚ್ಚಿಗೆಯಾದ ಮೇಲೆ ಆಕೆಯ ಕಡೆಯವರು ಗಂಡಿನ ಮನೆ ನೋಡಿ ಬರುವುದು ಶಾಸ್ತ್ರ. ಅಂದು ಅವಳ ಅಪ್ಪ ತೀರ್ಥಪ್ಪನವರೂ ಕಡೂರಿಗೆ ಬಂದು ನೋಡಿದ್ದರು. ಮರಳಿದವರ ಮುಖದಲ್ಲಿ ಹಬ್ಬವಿತ್ತು. ಆದರೆ ಗಂಡಿನ ಕಡೆಯಿಂದ ಒಂದು ಮಾತೂ ಬರಲಿಲ್ಲ. ವಾರಗಳು ತಿಂಗಳುಗಳಾದವು. 'ನಾನು ಬೇಡವಾದೆ' ಎಂಬ ಅರಿವನ್ನು ಒಳಗೇ ಹೂತಿಟ್ಟು, ನಂತರದ ಸಂಬಂಧಗಳನ್ನೆಲ್ಲ ಕೋಮಲಾ ಹಿಂದಿರುಗಿಸಿದ್ದಳು.

ಮುದ್ದಪ್ಪ ಫೋನು ಹಿಡಿದು ಹಿತ್ತಲಿಗೆ ಹೋದ. 'ಇವತ್ತು ಕೇಳದಿದ್ದರೆ ಇನ್ನೆಂದೂ ಕೇಳಲಾರೆ' ಎಂದುಕೊಂಡಳು ಅವಳು.

"ಅವತ್ತು ನನ್ನ ಯಾಕೆ ಬೇಡ ಅಂದ್ರಿ?"

ಬಸವೇಶ ದಿಗ್ಭ್ರಮೆಯಿಂದ ನೋಡಿದ. "ಬೇಡ ಅಂದೋರು ನಿಮ್ಮೋರಲ್ವಾ? ಅವ್ವ ಹೋಳಿಗೆ ಮಾಡಿ ಎಲೆ ಹಾಕಿದ್ಲು. ನಿಮ್ಮಪ್ಪ ಒಂದು ತುತ್ತೂ ಮುಟ್ಟದೆ ಎದ್ದೋದ್ರು. ಬಾಡಿಗೆ ಮನೆ, ಹಿಡಿಸ್ಲಿಲ್ಲ ಅಂದ್ಕಂಡ್ವಿ. ಒಪ್ಪದಿರೋ ಮನೇಲಿ ತಾನೆ ಜನ ಉಣ್ಣದೆ ಹೋಗೋದು?"

ಕೋಮಲಾ ಕಿಟಕಿಯ ಸರಳು ಹಿಡಿದುಕೊಂಡಳು.

"ನಮ್ಮಲ್ಲಿ ಒಪ್ಪಿದ ಮನೇಲೇ ಉಣ್ಣಲ್ಲ ಕಣ್ರೀ... ಮಗಳನ್ನ ಕೊಡೋ ಮನೇಲಿ, ತಾಂಬೂಲ ಬದಲಾಗೋವರ್ಗೂ ಅಪ್ಪನಾದೋನು ಎಲೆ ಮುಂದೆ ಕೂರಲ್ಲ. ಬೇಡ ಅನ್ಸಿದ್ರೆ ಹೊಟ್ಟೆ ತುಂಬ ಉಂಡು, ಹೋಗ್ಬತ್ತೀವಿ ಅಂತ ಬಂದಿರೋರು."

ಒಂದೇ ಎಲೆ. ಒಂದು ಮನೆ ಅದರಲ್ಲಿ ಒಪ್ಪಿಗೆಯನ್ನು ಬರೆದಿತ್ತು. ಇನ್ನೊಂದು ಮನೆ ನಿರಾಕರಣೆಯನ್ನು ಓದಿಕೊಂಡಿತು. ಕೇಳಿದರೆ ಹಗುರಾಗುತ್ತೇವೆಂದು ಎರಡೂ ಕಡೆಯವರು ಮೌನವಾದರು. ಮನೆತನಗಳ ಮರ್ಯಾದೆ ಉಳಿಯಿತು; ಕಳೆದುಹೋದದ್ದು ಇಬ್ಬರ ಯೌವನ.

ಬಸವೇಶ ನಿಧಾನವಾಗಿ ಹೇಳಿದ. ಮನೆಯಿಂದಾಗಿ ತಪ್ಪಿತೆಂಬ ಕೊರಗಿನಲ್ಲೇ ಸಾಲ ಮಾಡಿ ಈ ಮನೆ ಕೊಂಡದ್ದು, ಆಮೇಲೆ ಮದುವೆಯಾದದ್ದು, ಹೆಂಡತಿ ಕಾಯಿಲೆಯಿಂದ ತೀರಿಕೊಂಡದ್ದು.

"ಅನಿತಾ ಒಳ್ಳೆಯೋಳು. ಅವಳ ಜೊತೆ ಚೆನ್ನಾಗೇ ಬಾಳ್ದೆ. ನಿಮ್ಮ ಮುಂದೆ ಸುಳ್ಳು ಹೇಳಲ್ಲ."

ಆ ಮಾತು ಅವಳನ್ನು ಇರಿಯಿತು. 'ನಾನು ನಿಂತಲ್ಲೇ ನಿಂತಿದ್ದಾಗ ಇವನು ಬಾಳಿದ್ದಾನೆ.' ಆದರೆ ಸತ್ತವಳನ್ನು ಸಣ್ಣವಳಾಗಿಸಿ ತನ್ನನ್ನು ಒಲಿಸಿಕೊಳ್ಳದ ಆ ದನಿಯನ್ನು ಕೇಳುತ್ತ, ಅಂದು ತಾನು ಮೆಚ್ಚಿದ್ದು ಮೆಚ್ಚತಕ್ಕವನನ್ನೇ ಎಂದು ಅವಳಿಗೆ ಖಚಿತವಾಯಿತು. ಖಚಿತವಾದದ್ದಕ್ಕೇ ದುಃಖ ಇಮ್ಮಡಿಸಿತು.

ಮುದ್ದಪ್ಪ ಮರಳಿ ಬಂದ. "ಏನ್ ಮೇಡಂ, ಮನೆ ಹಿಡಿಸ್ತಾ? ತಿಂಗಳೊಳಗೆ ಓನರು ಖಾಲಿ ಮಾಡಿಕೊಡ್ತಾರೆ."

ಫೋನು ಮಾಡುತ್ತೇನೆಂದು ಹೇಳಿ ಅವಳು ಅವನನ್ನು ಕಳಿಸಿದಳು. ಗೇಟಿನ ಸದ್ದು ಅಡಗಿದ ಮೇಲೆ ಬಸವೇಶನತ್ತ ತಿರುಗಿದಳು.

"ಮನೆ ಹಿಡಿಸ್ತು," ಎಂದಳು. "ಕೊಂಡ್ಕೋತೀನಿ. ಆದ್ರೆ ಖಾಲಿ ಮಾಡಿಕೊಡಬೇಡಿ."

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದ.

"ಕೋಮಲಾ... ತಡವಾಗೋಯ್ತು. ಕೊಡಕ್ಕೆ ನನ್ನತ್ರ ಉಳಿದಿರೋದು ಕಮ್ಮಿ."

"ನನ್ನತ್ರ ಏನು ಜಾಸ್ತಿ ಉಳಿದದೆ? ಹೋದ ವರ್ಷಗಳಿಗೆ ಅಳೋದಂತೂ ಇದ್ದೇ ಇದೆ. ಒಬ್ಬಳೇ ಅತ್ತು ಸಾಕಾಗಿದೆ, ಅಷ್ಟೇ."

"ಜೊತೇಲಿ ಅಳಣ ಅಂತೀಯ?"

"ಮೊದ್ಲು ಅದು," ಎಂದಳು ಕೋಮಲಾ, ಕಣ್ಣೊರೆಸಿಕೊಳ್ಳದೆ. "ನಗೋದು ಆಮೇಲೆ ತಾನಾಗೇ ಬತ್ತದೆ."