ಆಸರೆಯ ಕಾಲಂ ಖಾಲಿ ಇತ್ತು

"ಮುಟ್ಟಬೇಡಿ ನನ್ನ ಕಾಲನ್ನ! ಸಾಕು ನಿಮ್ಮ ಉಪಕಾರ!"

ಚಿಕಿತ್ಸೆಯ ಕೋಣೆಯಲ್ಲಿ ಅವಳ ಕೈ ಅವನ ಮಂಡಿಯ ಹತ್ತಿರವೇ ನಿಂತುಬಿಟ್ಟಿತು.

ಕೂಗಿಗಿಂತ ಆ 'ಮುಟ್ಟಬೇಡಿ' ಅವಳಿಗೆ ಹೆಚ್ಚು ಚುಚ್ಚಿತು. ಎರಡು ವರ್ಷದಿಂದ 'ನೀನು' ಎನ್ನುತ್ತಿದ್ದವನು ಇವತ್ತು ಬಹುವಚನಕ್ಕೆ ಇಳಿದಿದ್ದಾನೆ!

ಅವನು ಫುಟ್‌ಬಾಲ್ ತಂಡದ ನಾಯಕ, ಗೋಲ್‌ಕೀಪರ್. ಎಲ್ಲರೂ 'ಗೋಡೆ' ಎಂದೇ ಕರೆಯುತ್ತಿದ್ದರು; ಈಗ ಮಂಡಿಗೆ ಪೆಟ್ಟು. ಅವಳು ಆಟಗಾರರ ಪೆಟ್ಟು, ಉಳುಕು ನೋಡಿಕೊಳ್ಳುವ ಫಿಸಿಯೋ. ಕ್ಲಬ್ಬಿನ ಮಾಲೀಕರು ಅವಳ ಸೋದರಮಾವ.

ಆಟಗಾರರ ಮುಷ್ಕರಕ್ಕೆ ಹದಿನಾರು ದಿನ. ಅವರು ಕೇಳಿದ್ದು ಒಂದೇ ಒಂದು: ಪೆಟ್ಟು ಬಿದ್ದವನನ್ನು ವಾಸಿಯಾಗುವವರೆಗೆ ತಂಡದಿಂದ ತೆಗೆಯಬಾರದು, ವಾಸಿಯಾಯಿತೋ ಇಲ್ಲವೋ ಎಂದು ಹೊರಗಿನ ಡಾಕ್ಟರು ಹೇಳಬೇಕು. ಇದೇನು ಆಕಾಶದ ನಕ್ಷತ್ರವೇ? ಕುಂಟುವ ಎತ್ತನ್ನೂ ನಾಲ್ಕು ದಿನ ನೆರಳಲ್ಲಿ ಕಟ್ಟುತ್ತಾರೆ. ಮಾಲೀಕರು ಮಾತ್ರ ಮೈದಾನಕ್ಕೆ ಬೀಗ ಜಡಿದು ಕೂತರು.

"ಏನಾಯ್ತು ಹೇಳಿ ಕೂಗಾಡು," ಎಂದಳು ಅವಳು ಮೆಲ್ಲಗೆ.

ಅವನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಡಿದ. ಅವಳದೇ ಚಿಕಿತ್ಸೆಯ ರಿಜಿಸ್ಟರ್‌ನ ನಕಲು. ಅವಳದೇ ಅಕ್ಷರ!

ಮುಷ್ಕರಕ್ಕೆ ಮುಂಚಿನ ವಾರದ ಸಾಲು: 'ಮೈದಾನದಲ್ಲಿ ನಡಿಗೆ, ಇಪ್ಪತ್ತು ನಿಮಿಷ.' ಪಕ್ಕದಲ್ಲಿ 'ಆಸರೆ' ಎಂಬ ಕಾಲಂ ಖಾಲಿ.

"ನೋಡಿದ್ರಾ? ಆಸರೆ ಇಲ್ದೆ ನಡೆಯೋನು ಕುಂಟೋ ನಾಟಕ ಆಡ್ತಿದ್ದಾನಂತೆ. ನಿಮ್ಮ ಮಾವ ನನ್ನ ಕರಾರು ರದ್ದು ಮಾಡ್ತಾರಂತೆ. ನಾಯಕನೇ ಸುಳ್ಳ ಅಂದ್ಮೇಲೆ ಉಳಿದವರನ್ನ ಯಾರು ನಂಬ್ತಾರೆ? ಕೋಲಿದ್ರೆ ಕೋಲು, ಕಂಬಿ ಇದ್ರೆ ಕಂಬಿ ಅಂತ ಎಲ್ಲರಿಗೂ ಬರೀತೀರಿ. ನನಗೊಬ್ಬನಿಗೆ ಯಾಕೆ ಬರೀಲಿಲ್ಲ?"

ಅವಳು ಆ ಖಾಲಿ ಕಾಲಂ ನೋಡಿದಳು.

'ಏನಂತ ಬರೀಲಿ? ಅವತ್ತು ಮೈದಾನದ ಬಿಳಿ ಗೆರೆಯುದ್ದಕ್ಕೂ ನೀನು ಹಿಡಿದಿದ್ದು ನನ್ನ ಭುಜ ಅಂತಲಾ? ಆ ರಿಜಿಸ್ಟರನ್ನ ಮಾವನಿಂದ ಹಿಡಿದು ಬಟ್ಟೆ ಒಗೆಯೋರವರೆಗೆ ಎಲ್ಲರೂ ಓದ್ತಾರಲ್ಲೋ...'

"ಅದು... ಮರೆತು..."

"ಮಾವನ ಮನೆ ಅನ್ನ ಮರೀಲಿಲ್ಲ, ಇದೊಂದು ಮರೆತ್ರಿ!"

ಅವನು ಕುಂಟುತ್ತಾ ಹೊರಟುಹೋದ. ಮೂಲೆಯಲ್ಲಿದ್ದ ಕೋಲನ್ನೂ ಮುಟ್ಟಲಿಲ್ಲ, ಜಂಬದವನು!

ಮಧ್ಯಾಹ್ನ ಮೂರಕ್ಕೆ ಕ್ಲಬ್ಬಿನ ಮೂರನೇ ಮಹಡಿಯ ಸಭಾಂಗಣದಲ್ಲಿ ವಿಚಾರಣೆ. ಮಧ್ಯಸ್ಥಿಕೆಗೆ ಬಂದವರು ನಿವೃತ್ತ ನ್ಯಾಯಾಧೀಶೆ. ಮೇಜಿನ ಒಂದು ಕಡೆ ಆಟಗಾರರು, ಇನ್ನೊಂದು ಕಡೆ ಮಾವ ಮತ್ತು ವಕೀಲರು.

ಮಾವ ಅವಳ ಕಿವಿಯ ಹತ್ತಿರ ಬಗ್ಗಿದರು. "ನೋಡು ಪುಟ್ಟಿ, ಆಸರೆ ಇರ್ಲಿಲ್ಲ ಅಂದ್ಬಿಡು. ಒಂದೇ ಮಾತು."

ಅಪ್ಪ ಹೋದಮೇಲೆ ಸಾಕಿ, ಓದಿಸಿದವರು ಇದೇ ಮಾವ. ಅವಳ ಕಣ್ಣು ತುಂಬಿತು.

ನ್ಯಾಯಾಧೀಶೆ ಕನ್ನಡಕ ಏರಿಸಿದರು. "ಹೇಳಮ್ಮ, ಅವತ್ತು ಈತನಿಗೆ ಆಸರೆ ಇತ್ತೋ, ಇಲ್ವೋ?"

ಎದುರಿಗೆ ಅವನು. ಅವಳ ಕಡೆ ನೋಡುತ್ತಲೇ ಇಲ್ಲ.

"ಇತ್ತು ಮೇಡಂ."

"ಏನು?"

"ನನ್ನ ಭುಜ."

ಅವನ ತಲೆ ಥಟ್ಟನೆ ಮೇಲೆದ್ದಿತು. ಆಟಗಾರರಲ್ಲಿ ಯಾರೋ ಕೆಮ್ಮಿದರು, ಯಾರೋ ಅವನ ಪಕ್ಕೆಗೆ ತಿವಿದರು.

"ಮತ್ತೆ ಯಾಕೆ ಬರೀಲಿಲ್ಲ?"

"ನಾಚಿಕೆ ಆಯ್ತು."

"ಕೋಲು ಇರ್ಲಿಲ್ವೇನಮ್ಮ?"

"ಇತ್ತು ಮೇಡಂ..." ಅವಳು ಅವನ ಕಡೆ ನೋಡಿದಳು. "ನಾನೇ ಬೇಕಂತ ಕೋಣೇಲಿ ಬಿಟ್ಟು ಹೋಗಿದ್ದೆ."

ಅವನ ಕಿವಿ ಕೆಂಪಾಗಿತ್ತು.

ವಕೀಲರು ಎದ್ದರು. "ಇದು ಪ್ರೀತಿಯ ಮಾತು, ಸಾಕ್ಷಿಯಲ್ಲ!"

"ಹಾಗಿದ್ರೆ ನನ್ನನ್ನ ನಂಬಬೇಡಿ ಸಾರ್. ಹೊರಗಿನ ಡಾಕ್ಟರಿಗೆ ಮಂಡಿ ತೋರಿಸಿ. ಇವರು ಹದಿನಾರು ದಿನದಿಂದ ಕೇಳ್ತಿರೋದೂ ಅದನ್ನೇ ಅಲ್ವಾ?"

ವಕೀಲರು ಕೂತರು.

ನ್ಯಾಯಾಧೀಶೆ ಬರೆಸಿದರು: ಹೊರಗಿನ ಡಾಕ್ಟರು ನೋಡಬೇಕು, ಅಲ್ಲಿಯವರೆಗೆ ಯಾರ ಕರಾರನ್ನೂ ಮುಟ್ಟುವಂತಿಲ್ಲ. ಆಮೇಲೆ ರಿಜಿಸ್ಟರನ್ನು ಅವಳ ಮುಂದೆ ತಳ್ಳಿದರು. "ಖಾಲಿ ಬಿಟ್ಟಿದ್ದನ್ನ ತುಂಬು. ಇವತ್ತಿನ ತಾರೀಖು ಹಾಕು."

ಎಲ್ಲರ ಮುಂದೆ ಅವಳು ಬರೆದಳು: 'ಫಿಸಿಯೋಳ ಭುಜ.'

ಆಟಗಾರರು ಎದ್ದು ಹೊರಟರು, ಅವನೂ. ಮಾವನ ಮುಖ ಕಪ್ಪಿಟ್ಟಿತು. "ಸಾಕಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದೆ! ಈಗ ಅವನ ಹಿಂದೆ ಹೊರಗೆ ಹೋದ್ರೆ ಚಿಕಿತ್ಸೆ ಕೋಣೆಗೆ ಮತ್ತೆ ಕಾಲಿಡಬೇಡ."

ಅವಳು ಚಿಕಿತ್ಸೆಯ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಬಗ್ಗಿ ಮಾವನ ಕಾಲು ಮುಟ್ಟಿದಳು.

"ನನ್ನನ್ನ ಸಾಕಿದ್ರಿ ಮಾವ. ಅದಕ್ಕೇ ನಿಮ್ಮೆದುರು ಸುಳ್ಳು ಹೇಳೋಕೆ ಆಗ್ಲಿಲ್ಲ."

ಹೊರಟಳು. ಮಾವ "ಪುಟ್ಟಿ!" ಎಂದರು, ಒಂದೇ ಸಲ. ಅವಳ ಹೆಜ್ಜೆ ತಡೆಯಿತು, ಆದರೆ ತಿರುಗಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಅವನು ಕಂಬಿ ಹಿಡಿದು ನಿಂತಿದ್ದ.

"ಬೆಳಿಗ್ಗೆ... ಬಾಯಿಗೆ ಬಂದಂಗೆ ಅಂದೆ."

"ಅಂದ್ರಿ," ಎಂದಳು, ಬಹುವಚನವನ್ನು ಅವನಿಗೇ ಹಿಂತಿರುಗಿಸಿ.

"ಹೊಡಿ ಬೇಕಾದ್ರೆ. 'ರಿ' ಅನ್ಬೇಡ ಕಣೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಮಂಡಿ ಹೇಗಿದೆ?"

"ಬೆಳಿಗ್ಗೆಯಿಂದ ಉರೀತಿದೆ. ಕೋಲು ತರ್ಲಿಲ್ಲ."

"ಮರೆತ್ಯಾ?"

"ಇಲ್ಲ." ಅವನು ಕಂಬಿಯಿಂದ ಕೈ ತೆಗೆದ. "ನಿನ್ನ ಹಾಗೇನೇ... ಬೇಕಂತ."

ಅವಳು ಒಂದು ಮೆಟ್ಟಿಲು ಕೆಳಗಿಳಿದು ನಿಂತಳು. ಭುಜದ ಮೇಲೆ ಅವನ ಅಗಲವಾದ ಅಂಗೈ ಬಂದು ಕೂತಿತು.

"ನೋವಿರೋ ಕಾಲು ಮೊದಲು," ಎಂದಳು.

"ವಾಸಿಯಾದ್ಮೇಲೂ ಹೀಗೇ ಹಿಡ್ಕೋಬಹುದಾ?"

"ಮೊದಲು ಮೆಟ್ಟಿಲು ನೋಡೋ!"

ಮೂರು ಮಹಡಿ ಇಳಿಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗೇಟಿನ ಆಚೆ ರಸ್ತೆ ದಾಟುವಾಗಲೂ ಅವಳು ತಿರುಗಿ ನೋಡಲಿಲ್ಲ. ಆ ಕೋಣೆಗೆ ಮತ್ತೆಂದೂ ಹೋಗಲಿಲ್ಲ.