ಫ್ಯಾನ್ ಸ್ವಿಚ್ಚಿಗೆ ಕಟ್ಟಿದ ಕರ್ಚೀಫು

ನಾನು ದೆವ್ವ ನೋಡಿಲ್ಲ. ಕರ್ಚೀಫು ನೋಡಿದ್ದೇನೆ.

ನಮ್ಮ ಕಾರ್ಖಾನೆಯ ಕೂಲಿಂಗ್ ಟವರಿನ ಒಳಗೆ ಹೋಗುವವರು ಮೊದಲು ತಮ್ಮ ಕರ್ಚೀಫನ್ನು ಅದರ ಫ್ಯಾನಿನ ಸ್ವಿಚ್ಚಿಗೆ ಕಟ್ಟಬೇಕು. ಕಟ್ಟಿದವರೇ ಬಂದು ಬಿಚ್ಚುವ ತನಕ ಫ್ಯಾನ್ ಹಾಕುವಂತಿಲ್ಲ. ಈ ರೂಢಿ ತಂದವರು ಅಲ್ಲೇ ಫಿಟ್ಟರ್ ಆಗಿದ್ದ ನಮ್ಮ ಭಾವ.

ಟವರಿನ ಕೆಲಸ ನನಗೆ ಹೇಳಿಕೊಟ್ಟವರೂ ಅವರೇ. "ಜ್ವರ ಬಂದೋರ ಹಣೆಗೆ ಒದ್ದೆ ಬಟ್ಟೆ ಹಾಕಲ್ವಾ, ಹಾಗೇ ಕಣೋ. ಬಿಸಿನೀರು ಮೇಲಿಂದ ಸುರಿಯುತ್ತೆ, ಫ್ಯಾನು ಗಾಳಿ ಎಳೆಯುತ್ತೆ. ಒಂಚೂರು ನೀರು ಆವಿಯಾಗಿ ಹೋಗ್ತಾ ಉಳಿದಿದ್ದರ ಕಾವನ್ನೂ ಹೊತ್ಕೊಂಡು ಹೋಗುತ್ತೆ."

ಹೋದ ವರ್ಷ ಅವರು ಜ್ವರದಲ್ಲೇ ತೀರಿಕೊಂಡರು. ಅಕ್ಕ ಅವರದೇ ಕರ್ಚೀಫನ್ನು ಒದ್ದೆ ಮಾಡಿ ಹಣೆಗೆ ಹಾಕುತ್ತಲೇ ಇದ್ದಳು. ಕಾವು ಇಳಿಯಲಿಲ್ಲ.

ಮೊನ್ನೆ ಟವರ್ ನಿಲ್ಲಿಸಿ, ನೀರೆಲ್ಲ ಬಸಿದು, ಒಳಗೆಲ್ಲ ಉಜ್ಜಿ ತೊಳೆದೆವು. ಮಧ್ಯಾಹ್ನ ಎಲ್ಲರೂ ಹೊರಬಂದು ತಂತಮ್ಮ ಕರ್ಚೀಫು ಬಿಚ್ಚಿಕೊಂಡೆವು. ಸ್ವಿಚ್ಚಿನಲ್ಲಿ ಇನ್ನೊಂದು ಉಳಿದಿತ್ತು. ಕೆಂಪು ಗೆರೆಯದು, ಒಂದು ಮೂಲೆ ಇಸ್ತ್ರಿಗೆ ಸುಟ್ಟದ್ದು. ಮುಟ್ಟಿದೆ. ಒದ್ದೆಯಾಗಿತ್ತು. ಬಿಸಿಯಾಗಿತ್ತು.

ಅಕ್ಕನಿಗೆ ಫೋನ್ ಮಾಡಿ, ಭಾವನ ಕರ್ಚೀಫು ಎಲ್ಲಿದೆ ಎಂದು ಕೇಳಿದೆ.

"ಅದನ್ನ ಅವರ ಜೇಬಲ್ಲೇ ಇಟ್ಟು ಸ್ಮಶಾನಕ್ಕೆ ಕಳಿಸಿದ್ನಲ್ಲೋ," ಎಂದಳು.

ಮೇಸ್ತ್ರಿ ಟವರಿನ ಬಾಗಿಲಲ್ಲಿ ನಿಂತು, "ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?" ಎಂದು ಕೂಗಿದ. ಫ್ಯಾನ್ ನಿಂತಿದ್ದರೂ ಒಳಗಿನಿಂದ ಬೆಚ್ಚನೆಯ ಗಾಳಿ ನಮ್ಮ ಮುಖಕ್ಕೆ ಬಂತು, ನಿಂತಿತು, ಮತ್ತೆ ಬಂತು.

ಅದನ್ನು ಬಿಚ್ಚಲು ಯಾರೂ ಕೈ ಹಾಕಿಲ್ಲ. ಟವರ್ ನಿಂತೇ ಇದೆ. ಈ ಸುಡುಬಿಸಿಲಿನಲ್ಲೂ ಕರ್ಚೀಫು ಆರಿಲ್ಲ. ಕಾವೂ ಇಳಿದಿಲ್ಲ.